ಎಲೀಷಪ್ಪನ ಬದಲಿಗೆ ನಾನು ತಿಂದ ಬೆಣ್ಣೆ

ಉಪದೇಶಿಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಆರುವ ತನಕ ಲೋಟ ಮುಟ್ಟದೆ, ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಾರೆ. "ಧರ್ಮಶಾಸ್ತ್ರದ ಆಜ್ಞೆಗೂ ದೇವರ ಕೃಪೆಗೂ ಇರೋ ಸಂಬಂಧ ಜನಕ್ಕೆ ಹೆಂಗೆ ಬಿಡಿಸಿ ಹೇಳೋದ್ರಿ? ಕೃಪೆಯಿಂದಲೇ ಎಲ್ಲ ಸಿಗೋದಾದ್ರೆ ಆಜ್ಞೆ ಯಾಕೆ ಪಾಲಿಸಬೇಕು ಅಂತ ಕೇಳ್ತಾರಲ್ರಿ?" ಪರೀಕ್ಷೆಯಲ್ಲಿ ಬರೆಯಬೇಕಾದ ಉತ್ತರ ಅವರಿಗೆ ಚೆನ್ನಾಗಿ ಗೊತ್ತು. ಸಭೆಯ ಮುಂದೆ ನಿಂತಾಗ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟೆ. ನಾನು ಅವರಿಗೆ ಬೆಣ್ಣೆಯ ವಿಷಯ ಹೇಳಲು ಶುರು ಮಾಡುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರು ಮುದುಕನಿಗೆ ಅರಳುಮರಳು ಅಂದುಕೊಂಡು ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಾರೆ. ಹಾಗೆ ಎದ್ದು ಹೋದವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ದಾವಣಗೆರೆಯಲ್ಲಿ ಒಂದು, ಹರಿಹರದಲ್ಲಿ ಒಂದು, ಹೀಗೆ ಎರಡು ಚಿಕ್ಕ ಕ್ರೈಸ್ತ ಸಭೆಗಳಿಗೆ ನಾನು ಉಪದೇಶಿಯಾಗಿದ್ದೆ. ಉಪದೇಶಿ ಅಂದರೆ ಸಭಾಪಾಲಕರು, ಅಂದರೆ ನಾವು ಅಯ್ಯನವರು ಎಂದು ಕರೆಯುವವರು, ಮಾಡದೆ ಬಿಟ್ಟದ್ದನ್ನೆಲ್ಲ ಮಾಡುವವನು. ಭಾನುವಾರದ ಶಾಲೆ ನಡೆಸಬೇಕು. ದೀಕ್ಷಾಸ್ನಾನಕ್ಕೆ ಬರುವವರಿಗೆ ಪಾಠ ಹೇಳಬೇಕು. ಹಾರ್ಮೋನಿಯಂ ಕೈಕೊಟ್ಟರೆ ಕೀರ್ತನೆ ಎತ್ತಬೇಕು, ಚಾವಣಿಯ ಬಾವಲಿ ಓಡಿಸಬೇಕು, ಗಂಡ ಹೆಂಡತಿ ಜಗಳ ಬಿಡಿಸಲು ಹೋಗಿ ಇಬ್ಬರಿಂದಲೂ ಬೈಸಿಕೊಳ್ಳಬೇಕು. ಬೆಳಿಗ್ಗೆ ದಾವಣಗೆರೆಯ ಆರಾಧನೆ ಮುಗಿಸಿ ಸಂಜೆ ಪ್ಯಾಸೆಂಜರ್ ರೈಲು ಹಿಡಿದು ಹರಿಹರಕ್ಕೆ ಹೋಗುತ್ತಿದ್ದೆ. ರೈಲು ಬರುವ ತನಕ ಅಲ್ಲಿಯವರು ಹಾಡುತ್ತ ಕೂತಿರುತ್ತಿದ್ದರು. ಹರಿಹರದ ಸಭೆ ಇಂದಿಗೂ ಅಷ್ಟು ಚೆನ್ನಾಗಿ ಹಾಡುವುದಕ್ಕೆ ಆ ರೈಲೇ ಕಾರಣ ಎಂದು ನಾನು ನಂಬಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ದೇವರು ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಲು ನನ್ನದೇ ಒಂದು ಉಪಾಯ ಹುಡುಕಿದ್ದೆ. ಎರಡೂ ಕೈ ಮುಂದೆ ಚಾಚಿಸಿ ಎಡ ಹೆಬ್ಬೆರಳಿನಿಂದ ಶುರು ಮಾಡಿ ಬೆರಳಿಗೊಂದು ಆಜ್ಞೆ ಹಂಚುತ್ತಿದ್ದೆ. ಮಕ್ಕಳು ಬೇಗ ಕಲಿತರು, ನನಗೆ ಹೆಮ್ಮೆಯಿಂದ ತಲೆ ನಿಲ್ಲಲಿಲ್ಲ. ಆಗ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವ ದೇವದಾಸ ಎಂಬಾತ ಪಾಠಕ್ಕೆ ಬಂದ. ವಾರಗಟ್ಟಲೆ ಕಲಿಸಿದರೂ ಒಂಬತ್ತೇ ಹೇಳುತ್ತಿದ್ದ. ಪ್ರತಿ ಸಲವೂ ನಾಲ್ಕನೆಯದು, ವಿಶ್ರಾಂತಿ ದಿನವನ್ನು ಪಾಲಿಸುವ ಆಜ್ಞೆ, ಬಿಟ್ಟುಹೋಗುತ್ತಿತ್ತು. ಒಂದು ದಿನ ರೇಗಿ, "ಎಲ್ಲಿ ಹೋತಪ್ಪಾ ಅದು?" ಎಂದು ಕೇಳಿದೆ. ಆತ ಎಡಗೈ ಎತ್ತಿ ತೋರಿಸಿದ. ಉಂಗುರದ ಬೆರಳು ಬುಡದಿಂದಲೇ ಇರಲಿಲ್ಲ.

"ಮಿಷನ್ನಿಗೆ ಹೋತ್ರಿ," ಅಂದ. "ಭಾನುವಾರದ ಓವರ್‌ಟೈಮಿನಾಗೆ."

ಅವತ್ತಿಗೆ ಬೆರಳಿನ ಉಪಾಯ ಬಿಟ್ಟೆ. ಆಮೇಲೆ ಫ್ಲಾನೆಲ್ ಬಟ್ಟೆಯ ಮೇಲೆ ಚಿತ್ರ ಅಂಟಿಸಿ ಪಾಠ ಮಾಡುವ ಪದ್ಧತಿ ಬಂತು. ಫ್ಯಾನ್ ಹಾಕಿದರೆ ಮೋಶೆ ಹಾರಿಹೋಗುತ್ತಿದ್ದ, ಹಾಕದಿದ್ದರೆ ಮಕ್ಕಳು ನಿದ್ದೆ ಹೋಗುತ್ತಿದ್ದರು. ಎಂಬತ್ತರ ಹೊತ್ತಿಗೆ ಟೇಪ್ ರೆಕಾರ್ಡರ್ ಬಂತು, ಅದರ ಕರೆಂಟು ಹೋಗುತ್ತಿತ್ತು. ಪದ್ಧತಿ ಯಾವುದಾದರೂ ಇರಲಿ, ಆಜ್ಞೆಯನ್ನು ಒಬ್ಬ ಮನುಷ್ಯನ ಮೇಲೆ ಹೊರಿಸುವ ಮೊದಲು ಆ ಮನುಷ್ಯನನ್ನು ಒಂದು ಸಲ ಸರಿಯಾಗಿ ನೋಡಬೇಕು ಎಂಬುದನ್ನು ದೇವದಾಸನ ಕೈ ನನಗೆ ಕಲಿಸಿತು. ಆಮೇಲೆ ಬಂದ ಹೊಸ ಅಯ್ಯನವರಿಗೆ ಅದನ್ನು ಕಲಿಸಿದ್ದು ಬೆಣ್ಣೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಹಳೆಯ ಅಯ್ಯನವರು ನಿವೃತ್ತರಾದರು. ಅವರು ಬಲು ಮೃದು. ಮದುವೆಯಲ್ಲಿ ವಧೂವರರ ಹೆಸರು ಮರೆತು "ಈ ಹುಡುಗ, ಈ ಹುಡುಗಿ" ಅಂದೇ ಕೆಲಸ ಮುಗಿಸುತ್ತಿದ್ದರು. ಅವರ ಜಾಗಕ್ಕೆ ಚಾಮರಾಜನಗರದ ಕಡೆಯ ಜಯಶೀಲ ಅಯ್ಯನವರು ಬಂದರು. ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಮುಖ. ದೈವಶಾಸ್ತ್ರದಲ್ಲಿ ಬಂಗಾರದ ಪದಕ ಪಡೆದವರಂತೆ. ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲೊಂದು ಕೊಡೆ. ಕೆಟ್ಟವರಲ್ಲ, ಆದರೆ ನಗುವುದನ್ನು ಯಾರೋ ಅವರಿಗೆ ಕಲಿಸಲು ಮರೆತಿದ್ದರು.

ಬಂದ ಹೊಸದರಲ್ಲೇ ಲೆಂಟ್ ಕಾಲ ಹತ್ತಿರವಾಯಿತು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಮ್ಮವರು ಉಪವಾಸ ಪ್ರಾರ್ಥನೆಗಳಲ್ಲಿ ಕಳೆಯುತ್ತಾರೆ, ಇಷ್ಟವಾದದ್ದು ಏನಾದರೊಂದು ಬಿಡುತ್ತಾರೆ. ಒಬ್ಬ ಸಿನಿಮಾ ಬಿಟ್ಟರೆ ಇನ್ನೊಬ್ಬ ಬೀಡಿ. ನನ್ನ ಹೆಂಡತಿ ಪ್ರತಿ ವರ್ಷ ನನ್ನ ಜೊತೆ ಮಾತು ಬಿಡುತ್ತೇನೆ ಅಂದು ಮೊದಲ ದಿನವೇ ಸೋಲುತ್ತಿದ್ದಳು. ಈ ಅಸ್ತವ್ಯಸ್ತ ಹೊಸ ಅಯ್ಯನವರಿಗೆ ಹಿಡಿಸಲಿಲ್ಲ. ಎರಡೂ ಸಭೆಗಳ ಹಿರಿಯರನ್ನು ಕರೆದು ಕೇಳಿದರು.

"ಈ ಊರಿನವರಿಗೆ ಬಹಳ ಪ್ರಿಯವಾದ ಪದಾರ್ಥ ಯಾವುದು?"

ಸುಮ್ಮನಿರಬೇಕಾಗಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ಬೆಣ್ಣೆ ದೋಸೆ," ಅಂದೆ.

"ಹಾಗೆಂದರೇನು?"

ಹರಿಹರದ ಹಿರಿಯರಾದ ಸುಮಿತ್ರಪ್ಪ ಮೇಷ್ಟ್ರು, ನಿವೃತ್ತ ಶಿಕ್ಷಕರು, ಎದ್ದು ನಿಂತು ವಿವರಿಸಿದರು. ಅಕ್ಕಿಯ ಜೊತೆ ಮಂಡಕ್ಕಿ ಹಾಕಿ ರುಬ್ಬುವುದು, ಸೌದೆ ಉರಿ, ಮೇಲೆ ಕೆಳಗೆ ಬೆಣ್ಣೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಅದರ ಮೇಲೆ ಮತ್ತೆ ಬೆಣ್ಣೆ. ವಿವರಿಸುತ್ತ ವಿವರಿಸುತ್ತ ಅವರ ಕಣ್ಣು ಮುಚ್ಚಿಕೊಂಡವು. ರಾಗಿಮುದ್ದೆ ಮತ್ತು ಹುಳಿಸಾರಿನ ಮೇಲೆ ಬದುಕುವ ಅಯ್ಯನವರು ಎಲ್ಲವನ್ನೂ ಕೇಳಿ, "ಹಾಗಾದರೆ ಬೆಣ್ಣೆಯನ್ನೇ ಬಿಡೋಣ," ಅಂದರು. ತಾವು ಎಂದೂ ತಿನ್ನದಿದ್ದುದನ್ನು ಬಿಡುವುದು ಅವರಿಗೆ ಬಹಳ ಸುಲಭವಾಯಿತು.

ಮುಂದಿನ ಭಾನುವಾರ ಪ್ರಸಂಗಪೀಠದಿಂದ ನಿಯಮ ಓದಿದರು. ಲೆಂಟಿನ ಮೊದಲ ದಿನದಿಂದ ಈಸ್ಟರ್ ಬೆಳಿಗ್ಗೆ ಪ್ರಭುಭೋಜನದ ರೊಟ್ಟಿಯನ್ನು ತೆಗೆದುಕೊಳ್ಳುವ ತನಕ ಸಭೆಯವರು ಯಾರೂ ಬೆಣ್ಣೆಯನ್ನು ನಾಲಿಗೆಗೆ ಮುಟ್ಟಿಸಬಾರದು. ಮುಟ್ಟಿಸಿದವರು ಈಸ್ಟರ್ ದಿನ ಆ ರೊಟ್ಟಿ ಇಡುವ ಮೇಜಿನ ಹತ್ತಿರ ಬರಬಾರದು. ಪ್ರಭುಭೋಜನ ಅಂದರೆ ಯೇಸು ತನ್ನ ಶಿಷ್ಯರ ಜೊತೆ ಮಾಡಿದ ಕೊನೆಯ ಊಟದ ನೆನಪಿಗೆ ಸಭೆಯವರು ಒಂದೇ ರೊಟ್ಟಿ, ಒಂದೇ ಬಟ್ಟಲು ಹಂಚಿಕೊಳ್ಳುವುದು. ಈಸ್ಟರ್ ದಿನ ಅದರಿಂದ ಹೊರಗುಳಿಯುವುದು ಅಂದರೆ ನಮ್ಮ ಮಂದಿಗೆ ಸ್ವಂತ ಮನೆಯ ಮದುವೆಯಲ್ಲಿ ಎಲೆ ಸಿಗದ ಹಾಗೆ.

ನಿಯಮ ಬಂದ ವಾರದಲ್ಲೇ ದಾವಣಗೆರೆಯ ವಿಶ್ವಾಸಿಗಳಿಗೆ ಹರಿಹರದಲ್ಲಿ ತುರ್ತು ಕೆಲಸಗಳು ಹುಟ್ಟಿಕೊಂಡವು. ಒಬ್ಬರಿಗೆ ನದಿ ನೋಡಬೇಕಾಗಿತ್ತು. ಇನ್ನೊಬ್ಬರಿಗೆ ಅಲ್ಲಿ ಯಾರೋ ದೂರದ ಸಂಬಂಧಿ ಕಾಯಿಲೆ ಬಿದ್ದು ಮಲಗಿದ್ದರು. ಹರಿಹರದ ವಿಶ್ವಾಸಿಗಳಿಗೆ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ, ಕಣ್ಣಿನ ಡಾಕ್ಟರು. ತಮ್ಮ ಊರಿನ ಹೋಟೆಲಿನಲ್ಲಿ ಯಾರಾದರೂ ನೋಡಿಬಿಟ್ಟಾರು ಎಂಬ ಭಯಕ್ಕೆ ಎರಡೂ ಸಭೆಗಳು ಒಂದೇ ಹಳಿಯ ಮೇಲೆ ಎದುರುಬದುರು ಓಡಾಡಿದವು. ನಿಲ್ದಾಣದಲ್ಲಿ ಸಿಕ್ಕಾಗ ಪರಸ್ಪರ ಆರೋಗ್ಯ ವಿಚಾರಿಸುತ್ತಿದ್ದರು, ಎಲ್ಲಿಗೆ ಹೊರಟಿರಿ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಇಷ್ಟೂ ಜನರಲ್ಲಿ ನಿಯಮವನ್ನು ನಿಜವಾಗಿ ಪಾಲಿಸಲು ಹೊರಟವನು ಎಲೀಷಪ್ಪ. ಅವನ ಕಸುಬು ಬೆಣ್ಣೆ ದೋಸೆ ಹಾಕುವುದು.

ಎಲೀಷಪ್ಪನ ಹಿಂದಿನ ಕಥೆ ಸ್ವಲ್ಪ ಹೇಳಬೇಕು. ಒಂದು ಕಾಲಕ್ಕೆ ಆತ ಬಲು ಕುಡಿಯುತ್ತಿದ್ದ. ಒಂದು ಭಾನುವಾರ ತೂರಾಡುತ್ತ ಆರಾಧನೆಗೆ ಬಂದು, ಪ್ರಭುಭೋಜನದ ಬಟ್ಟಲು ಕೈಗೆ ಬಂದಾಗ ಎಲ್ಲರ ಹಾಗೆ ತುಟಿಗೆ ಮುಟ್ಟಿಸಿ ಕೊಡದೆ, ಇಡೀ ಸಭೆಯ ದ್ರಾಕ್ಷಾರಸವನ್ನು ಒಂದೇ ಗುಟುಕಿಗೆ ಇಳಿಸಿ, "ಇನ್ನೊಂದು ಐತಾ?" ಅಂದ. ಅವತ್ತೇ ಮೇಜಿನಿಂದ ದೂರ ಇಟ್ಟರು. ಆಮೇಲೆ ಕುಡಿತ ಬಿಟ್ಟ. ಪೂರ್ತಿ ಬಿಟ್ಟ. ಆದರೂ ವರ್ಷಗಟ್ಟಲೆ ಕೊನೆಯ ಬೆಂಚಿನಲ್ಲೇ ಕೂತ. ಎಲ್ಲರೂ ಎದ್ದು ಮೇಜಿನತ್ತ ಹೋಗುವಾಗ ಆ ದೊಡ್ಡ ಆಳು ತಲೆ ತಗ್ಗಿಸಿ ತನ್ನ ಪಾದ ನೋಡುತ್ತ ಕೂತಿರುತ್ತಿದ್ದ. ಹಳೆಯ ಅಯ್ಯನವರು ಊರು ಬಿಡುವ ದಿನ ಅವನ ಭುಜ ತಟ್ಟಿ, "ಬರೋ ಈಸ್ಟರ್‌ಗೆ ಮೇಜಿಗೆ ಬಾರಪ್ಪ," ಅಂದಿದ್ದರು. ಹೆಸರು ಎಂದಿನಂತೆ ಮರೆತಿದ್ದರು, ಆದರೆ ಮಾತು ಕೊಟ್ಟಿದ್ದರು. ಎಲೀಷಪ್ಪ ಆ ಒಂದು ಮಾತನ್ನು ಹಿಡಿದುಕೊಂಡು ಬದುಕುತ್ತಿದ್ದ.

ಅವನು ಕೆಲಸ ಮಾಡುತ್ತಿದ್ದುದು ದಾವಣಗೆರೆಯ ಕೊಟ್ರಪ್ಪ ಸಾಹುಕಾರರ ಹೋಟೆಲಿನಲ್ಲಿ. ಬೆಳಕು ಹರಿಯುವ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಹೆಂಗಸರು ಬೆಣ್ಣೆ ಉಂಡೆಗಳ ಪಾತ್ರೆ ಹೊತ್ತು ಹಿಂದಿನ ಬಾಗಿಲಿಗೆ ಬರುತ್ತಿದ್ದರು. ಎಲೀಷಪ್ಪ ಪ್ರತಿಯೊಂದರಿಂದಲೂ ಚಿಟಿಕೆಯಷ್ಟು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿ, "ಇದು ನಿನ್ನೇದು," "ಇದಕ್ಕೆ ವನಸ್ಪತಿ ಬೆರೆಸೀಯಾ," "ಈ ಎಮ್ಮಿ ಹತ್ತಿಕಾಳು ತಿಂದೈತೆ, ಚೊಲೋ ಐತೆ, ತೂಗು," ಎಂದು ತೀರ್ಪು ಕೊಡುತ್ತಿದ್ದ. ಇದಕ್ಕೆ ಬೆಣ್ಣೆ ನೋಡುವುದು ಅನ್ನುತ್ತಿದ್ದರು. ಆ ಹೋಟೆಲಿನ ಮರ್ಯಾದೆ ನಿಂತಿದ್ದುದು ಆ ನಾಲಿಗೆಯ ಮೇಲೆ.

ಲೆಂಟ್ ಶುರುವಾದದ್ದೇ ತಡ, ಎಲೀಷಪ್ಪ ಬೆಣ್ಣೆ ನೋಡುವುದನ್ನು ನಿಲ್ಲಿಸಿದ. ಬಣ್ಣ ನೋಡಿ, ಮೂಸಿ ತೆಗೆದುಕೊಂಡ. ಮೊದಲ ವಾರದಲ್ಲೇ ಹಳಸಿದ ಬೆಣ್ಣೆ ಒಳಗೆ ಬಂತು. ಮಿಲ್ಲಿನ ಪಾಳಿ ಮುಗಿಸಿ ಬಂದ ಗಿರಾಕಿಗಳು ತಟ್ಟೆ ದೂಡಿದರು. ಸಾಹುಕಾರರು ತಾವೇ ನೋಡಬಹುದಿತ್ತು, ಆದರೆ ನಶ್ಯದ ಚಟದಿಂದ ಅವರ ಮೂಗು ನಾಲಿಗೆ ಎರಡೂ ಎಂದೋ ನಿವೃತ್ತಿ ಹೊಂದಿದ್ದವು. ಸಪ್ಲೈ ಮಾಡುವ ಆಳುಗಳನ್ನು ಕೇಳಿದರೆ ಎಲ್ಲ ಬೆಣ್ಣೆಯೂ ಚೆನ್ನಾಗಿದೆ, ಇನ್ನಷ್ಟು ಕೊಡಿ ಅನ್ನುತ್ತಿದ್ದರು.

"ಎಲೀಷಪ್ಪ, ಇನ್ನೊಂದು ಸಲ ದೋಸೆ ವಾಪಸ್ ಬಂದ್ರೆ ನೀನೂ ವಾಪಸ್ ಹೋಗು," ಅಂದರು ಸಾಹುಕಾರರು. "ನಿಮ್ ಅಯ್ಯನೋರು ಬೇಕಾದ್ರೆ ಕಾವಲಿ ಮುಂದೆ ಬಂದು ನಿಂತ್ಕಳ್ಳಿ."

ಅವನು ನೇರ ನನ್ನನ್ನು ಹುಡುಕಿಕೊಂಡು ಬಂದ. ಮರುದಿನ ಬೆಳಿಗ್ಗೆ ನಾನು ಹೋಟೆಲಿನ ಹಿತ್ತಲಿಗೆ ಹೋದೆ. ಅಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತ ರಸೂಲ್ ಸಾಬರು ಕೂತಿದ್ದರು. ವಿಷಯ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

"ಇಷ್ಟಕ್ಕ ಯಾಕ ತಲಿ ಕೆಡಿಸ್ಕಂತೀಯೋ ಮಾರಾಯ? ನಮ್ ರೋಜಾ ಉಪವಾಸದಾಗೆ ಅಡಿಗಿ ಮಾಡೋರು ನಾಲಿಗಿ ತುದಿಗೆ ಉಪ್ಪು ನೋಡಿ ಉಗುಳ್ತಾರೆ. ನುಂಗಬಾರ್ದು, ಅಷ್ಟೇ. ನೀನೂ ಹಂಗೇ ಮಾಡು."

"ಬೆಣ್ಣಿ ಉಗುಳೋದಾ?" ಎಲೀಷಪ್ಪ ಗಾಬರಿಯಾದ. "ನಮ್ಮವ್ವ ಸಮಾಧಿಯಿಂದ ಎದ್ದು ಬಂದು ಹೊಡಿತಾಳೆ. ಮತ್ತೆ ಅಯ್ಯನೋರು ಹೊಟ್ಟಿಗೆ ಅಂದಿಲ್ರಿ. ನಾಲಿಗಿಗೆ ಅಂದಾರೆ."

"ಹಂಗಾದ್ರೆ ಬ್ಯಾರೇದವ್ರ ನಾಲಿಗಿ ತಗಂಡು ಬಾ. ನಂದು ಕೇಳಬ್ಯಾಡ, ಅದನ್ನ ತಂಬಾಕಿಗೆ ಮಾರೀನಿ."

ಇಬ್ಬರೂ ನನ್ನ ಕಡೆ ನೋಡಿದರು.

"ಉಪದೇಶಿಗಳೇ," ಎಲೀಷಪ್ಪನ ದನಿ ಇಳಿಯಿತು, "ಈ ಕೆಲಸ ಹೋದ್ರೆ ಮನ್ಯಾಗೆ ಒಲಿ ಹತ್ತಲ್ಲ. ಈಸ್ಟರ್ ತಪ್ಪಿದ್ರೆ ನಾನು ಮತ್ತೆ ಆ ಬೆಂಚಿನಿಂದ ಏಳಲ್ಲ. ಎರಡ್ರಾಗೆ ಯಾವ್ದು ಬಿಡ್ಲಿ ಹೇಳ್ರಿ."

ನನಗೆ ಈಸ್ಟರ್ ಮೇಜು ಚಿಕ್ಕಂದಿನಿಂದ ಸಿಕ್ಕಿದೆ, ಒಂದು ವರ್ಷ ತಪ್ಪಿದರೆ ಬದುಕುತ್ತೇನೆ, ಇವನು ಬದುಕಲಾರ ಅನ್ನಿಸಿತು. ಅದರ ಜೊತೆಗೆ ಎದುರಿಗೇ, ಬೆಣ್ಣೆ ಮಾರಲು ಬಂದಿದ್ದ ಲೋಕಿಕೆರೆಯ ಹಾಲಮ್ಮನ ಪಾತ್ರೆ ತೆರೆದಿತ್ತು. ಎರಡರಲ್ಲಿ ಯಾವುದು ನನ್ನನ್ನು ಹೆಚ್ಚು ಎಳೆಯಿತೋ ಇಂದಿಗೂ ಹೇಳಲಾರೆ. ಬಾಯಿ ತೆರೆದೆ.

ನನ್ನ ನಾಲಿಗೆ ಏನೇನೂ ಪ್ರಯೋಜನವಿಲ್ಲದ್ದು ಎಂದು ಮೊದಲ ದಿನವೇ ಗೊತ್ತಾಯಿತು. "ಹೆಂಗೈತ್ರಿ?" ಅಂದರೆ, "ಬೆಣ್ಣೆ ಇದ್ದಂಗೆ ಐತೆ," ಅನ್ನುತ್ತಿದ್ದೆ. ಎಲೀಷಪ್ಪ ತಲೆ ಕೆರೆದುಕೊಂಡು ಬೇರೆ ದಾರಿ ಹುಡುಕಿದ. ನನ್ನ ಮಾತು ಕೇಳುವುದನ್ನು ಬಿಟ್ಟು ಮುಖ ನೋಡತೊಡಗಿದ. "ನೀವು ಏನೂ ಹೇಳಬ್ಯಾಡ್ರಿ. ಸುಮ್ನೆ ತಿನ್ರಿ, ನಾನು ಓದ್ಕಂತೀನಿ." ನನ್ನ ಎಡ ಹುಬ್ಬು ಎದ್ದರೆ ಹುಳಿ. ಮೂಗಿನ ಹೊಳ್ಳೆ ಅಗಲವಾದರೆ ಹಳತು. ಗಲ್ಲ ಸಡಿಲಾಗಿ ಕಣ್ಣು ತಾನಾಗಿ ಮುಚ್ಚಿದರೆ, "ಇದಾ! ತೂಗಮ್ಮ!" ಹಳ್ಳಿಯ ಹೆಂಗಸರು ಸಾಲಾಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಯಾವ ಪ್ರಸಂಗವನ್ನೂ ಯಾರೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಬೆಣ್ಣೆ ಮುಗಿದ ಮೇಲೆ ಮೊದಲ ದೋಸೆಯ ಪರೀಕ್ಷೆ. ಅದೂ ನನ್ನ ಮೇಲೆಯೇ. ಹೋಟೆಲಿನ ಮರ್ಯಾದೆ ವಾಪಸ್ ಬಂತು, ಸಾಹುಕಾರರು ಬೈಯುವುದನ್ನು ನಿಲ್ಲಿಸಿದರು.

ದಿನಾ ಬೆಳಿಗ್ಗೆ ಹೀಗೆ ಇನ್ನೊಬ್ಬನ ಸಲುವಾಗಿ ಪಾಪ ಹೊತ್ತದ್ದರ ಫಲ ಮೈಮೇಲೆ ಕಾಣತೊಡಗಿತು. ಜುಬ್ಬದ ಗುಂಡಿ ಹಾಕಲಾಗಲಿಲ್ಲ. ಕೆನ್ನೆ ತುಂಬಿತು. ಹೆಂಡತಿ, "ಯಾಕ್ರೀ, ಮೀಸೆ ಹೊಳಿತೈತೆ?" ಎಂದು ಹತ್ತಿರ ಬಂದಾಗಲೆಲ್ಲ ನಾನು ಪ್ರಾರ್ಥನೆಗೆ ಕಣ್ಣು ಮುಚ್ಚುತ್ತಿದ್ದೆ. ನಾಲ್ಕನೆಯ ಭಾನುವಾರ ಅಯ್ಯನವರು ಪ್ರಸಂಗದ ನಡುವೆ ತಟ್ಟನೆ ನನ್ನತ್ತ ಬೆರಳು ತೋರಿಸಿದರು.

"ನಮ್ಮ ಉಪದೇಶಿಗಳನ್ನು ನೋಡಿ! ಉಪವಾಸ ಮಾಡುವವರು ಸೊರಗುತ್ತಾರೆ ಎಂದು ಲೋಕ ಹೇಳುತ್ತದೆ. ವಿಧೇಯತೆಯಿಂದ ಮನುಷ್ಯನ ಮುಖ ಹೇಗೆ ಕಾಂತಿಯಿಂದ ತುಂಬುತ್ತದೆ ಎಂಬುದಕ್ಕೆ ಇವರೇ ಸಾಕ್ಷಿ!"

ಸಭೆಯಲ್ಲಿ ಎಲ್ಲರೂ ತಿರುಗಿ ನನ್ನ ಕಾಂತಿಯನ್ನು ನೋಡಿದರು. ಕೊನೆಯ ಬೆಂಚಿನಲ್ಲಿ ಎಲೀಷಪ್ಪನಿಗೆ ಕೆಮ್ಮು ಬಂತು. ನಾನು ಬಹಳ ವಿನಯದಿಂದ ನೆಲ ನೋಡಿದೆ.

ಸಿಕ್ಕಿಬಿದ್ದದ್ದು ಈಸ್ಟರ್‌ಗೆ ಮುಂಚಿನ ಗುರುವಾರ. ಅವತ್ತು ಎರಡೂ ಸಭೆಗಳ ಹಿರಿಯರು ಕೂಡಿದ್ದರು. ಎಲೀಷಪ್ಪನನ್ನು ಮತ್ತೆ ಮೇಜಿಗೆ ಸೇರಿಸಿಕೊಳ್ಳುವ ತೀರ್ಮಾನ ಆಗಬೇಕಿತ್ತು, ಆತ ತೊಳೆದ ಬಟ್ಟೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ಅಷ್ಟರಲ್ಲಿ ಸುಮಿತ್ರಪ್ಪ ಮೇಷ್ಟ್ರು ಎದ್ದರು.

"ಅದಕ್ಕೂ ಮೊದ್ಲು ಒಂದು ದುಃಖದ ವಿಷಯ ಐತೆ. ನಮ್ ಉಪದೇಶಿಗಳು ಕೊಟ್ರಪ್ಪನ ಹೋಟೆಲಿನಾಗೆ ಬೆಣ್ಣೆ ದೋಸೆ ತಿಂತಾ ಇದ್ದಿದ್ದನ್ನ ನಾನು ಕಣ್ಣಾರೆ ನೋಡೀನಿ."

"ಹೇಗೆ ನೋಡಿದಿರಿ?" ಅಂದರು ಅಯ್ಯನವರು.

"ಎದುರಿನ ಟೇಬಲ್ಲಿನಾಗೆ ಕೂತಿದ್ದೆ," ಅಂದುಬಿಟ್ಟರು ಮೇಷ್ಟ್ರು. ಅಂದ ಮೇಲೆ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಕೂತರು. ಉಳಿದ ಹಿರಿಯರೆಲ್ಲ ಒಟ್ಟಿಗೇ ಕಿಟಕಿಯ ಹೊರಗೆ ನೋಡಿದರು.

ಅಯ್ಯನವರು ನನ್ನ ಮುಖ ನೋಡಿದರು. ಆ ಕಾಂತಿ ಎಲ್ಲಿಂದ ಬಂದದ್ದು ಎಂದು ಅವರಿಗೆ ಅರ್ಥವಾಗುತ್ತ ಹೋದದ್ದು ನನಗೆ ಕಾಣಿಸಿತು. "ನಿಜವೇ?" ಅಂದರು. "ನಿಜ," ಅಂದೆ. ಎಲೀಷಪ್ಪನ ಹೆಸರು ಎತ್ತಲಿಲ್ಲ. ಎತ್ತಿದರೆ ಅವನ ಈಸ್ಟರ್ ಹೋಗುತ್ತದೆಂದು ಹೆದರಿದ್ದೆ. ಆದರೆ ಆತನೇ ಒಳಗೆ ಬಂದ.

"ನನ್ ಸಲುವಾಗಿ ತಿಂದಾರ್ರಿ. ನಾನು ನಿಮ್ ಮಾತು ಮೀರಬಾರ್ದು ಅಂತ ಅವ್ರು ಮೀರಿದ್ರು. ಯಾರನ್ನಾದ್ರೂ ಹಿಂದೆ ಕೂರಿಸ್ಬೇಕಂದ್ರೆ ನನ್ನೇ ಕೂರಿಸ್ರಿ. ನನಗೆ ಆ ಬೆಂಚು ರೂಢಿ ಐತೆ."

ಬೆಣ್ಣೆ ನೋಡುವ ಪದ್ಧತಿಯಿಂದ ಹಿಡಿದು ನನ್ನ ಹುಬ್ಬಿನವರೆಗೆ ಎಲ್ಲವನ್ನೂ ಹೇಳಿದ. ಒಬ್ಬನು ತಪ್ಪದಿರಲೆಂದು ಇನ್ನೊಬ್ಬನು ತಪ್ಪು ಹೊರುವ ವಿಷಯದ ಮೇಲೆ ಮರುದಿನ, ಯೇಸು ಶಿಲುಬೆಗೇರಿದ ಶುಭ ಶುಕ್ರವಾರ, ಮೂರು ಗಂಟೆ ಹೊತ್ತು ಮಾತಾಡಲು ಅಯ್ಯನವರು ತಯಾರಾಗಿ ಬಂದಿದ್ದರು. ಅದೇ ವಿಷಯ ಬೆಣ್ಣೆ ಹಚ್ಚಿಕೊಂಡು ಹಿಂದಿನ ದಿನವೇ ಎದುರಿಗೆ ಬಂದು ನಿಂತಿತ್ತು. ಕೊನೆಗೆ, "ಈಸ್ಟರ್ ದಿನ ಹೇಳುತ್ತೇನೆ," ಎಂದು ಎದ್ದರು. ನನಗೆ ಮಾತ್ರ, "ನೀವು ಇನ್ನು ಆ ಹೋಟೆಲಿಗೆ ಕಾಲಿಡಬಾರದು," ಅಂದರು.

ಶನಿವಾರ ಬೆಳಿಗ್ಗೆ ನಾನು ವಿಧೇಯನಾಗಿ ಹೋಟೆಲಿಗೆ ಕಾಲಿಡಲಿಲ್ಲ. ಹಿಂದಿನ ಬಾಗಿಲಿನ ಎದುರು, ರಸ್ತೆಯ ಆಚೆ ನಿಂತೆ. ಅವತ್ತೇ ಒಳ್ಳೆ ಬೆಣ್ಣೆ ಬೇಕಾಗಿತ್ತು. ಹೋಟೆಲಿನ ಗಿರಾಕಿಗಳ ಜೊತೆಗೆ ಮರುದಿನ ಈಸ್ಟರ್ ಆರಾಧನೆ ಮುಗಿದ ಮೇಲೆ ಎರಡೂ ಸಭೆಗಳಿಗೆ ಎಲೀಷಪ್ಪನೇ ನದಿ ದಂಡೆಯಲ್ಲಿ ದೋಸೆ ಹಾಕಬೇಕಿತ್ತು. ಅವನು ಹಿಂದಿನ ಬಾಗಿಲಲ್ಲಿ ಪಾತ್ರೆಗಳ ನಡುವೆ ಕೈಚೆಲ್ಲಿ ನಿಂತಿದ್ದ. ಸಾಹುಕಾರರು ನಶ್ಯದ ಡಬ್ಬಿ ಬಡಿಯುತ್ತಿದ್ದರು. ಆಗ ರಸ್ತೆಯ ತುದಿಯಲ್ಲಿ ಒಂದು ಕೊಡೆ ಕಾಣಿಸಿತು.

ಅಯ್ಯನವರು ನನ್ನನ್ನು ನೋಡದೆ ನೇರ ಹಿಂದಿನ ಬಾಗಿಲಿಗೆ ಹೋದರು. ಕೊಡೆ ಗೋಡೆಗೆ ಒರಗಿಸಿದರು.

"ಎಲೀಷಪ್ಪ, ನನಗೆ ಬೆಣ್ಣೆಯ ವಿಷಯ ಏನೂ ಗೊತ್ತಿಲ್ಲ. ಮುಖ ಇದ್ದರೆ ಸಾಕು ಅಂದೆಯಲ್ಲ. ತಂದಿದ್ದೇನೆ," ಎಂದು ಬಾಯಿ ತೆರೆದರು.

ಎಲೀಷಪ್ಪ ಒಮ್ಮೆ ಹಿಂದಕ್ಕೆ ಸರಿದ. "ಬ್ಯಾಡ್ರಿ ಅಯ್ಯನೋರೇ. ನೀವೇ ಮಾಡಿದ ನಿಯಮ..."

"ನಾನೇ ಮಾಡಿದ್ದು. ಆದ್ದರಿಂದ ನಾನೇ ತಿನ್ನಬೇಕು. ಬೇಗ ಇಡು, ಧೈರ್ಯ ಹೋಗುತ್ತಿದೆ."

ಎಲೀಷಪ್ಪ ಮೊದಲ ಉಂಡೆಯ ಚಿಟಿಕೆ ಇಟ್ಟ. ಮುಖ ಅಲ್ಲಾಡಲಿಲ್ಲ. ಎರಡನೆಯದಕ್ಕೂ ಅಲ್ಲಾಡಲಿಲ್ಲ. ಎಲೀಷಪ್ಪ ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ, ಕೆಳಗೆ ಬಗ್ಗಿ ಗಲ್ಲ ನೋಡಿದ. "ಏನೂ ಕಾಣ್ವಲ್ದಲ್ರೀ. ಸ್ವಲ್ಪ ಮುಖ ಸಡಿಲ ಬಿಡ್ರಿ." ಅಯ್ಯನವರು ಪ್ರಯತ್ನ ಮಾಡಿದರು. ಹೆಂಗಸರು ಹೆದರಿದರು. ಮೂರನೆಯದು ನಾಲಿಗೆ ಮುಟ್ಟಿದಾಗ ಮಾತ್ರ ಅವರ ಹುಬ್ಬು ಮೆಲ್ಲಗೆ ಮೇಲೆದ್ದವು, ಕಣ್ಣು ಅರಳಿದವು, ತುಟಿ ಒಂದು ಬದಿಗೆ ಜರುಗಿತು.

"ಇದನ್ನಾ ನಾನು ಬಿಡಿ ಅಂದದ್ದು?" ಅಂದರು ಮೆಲ್ಲಗೆ.

"ಇದಾ! ತೂಗಮ್ಮ!" ಎಂದು ಎಲೀಷಪ್ಪ ಕೂಗಿದ. ಹಾಲಮ್ಮ, "ಪಾಪ, ಯಾವೂರ ಸ್ವಾಮಿಗಳೋ, ಇನ್ನೊಂಚೂರು ಕೊಡ್ರಿ," ಅಂದಳು. ರಸ್ತೆಯ ಆಚೆ ನಿಂತ ನನಗೆ ಕಣ್ಣು ತುಂಬಿ ಬಂತು, ಹೊಟ್ಟೆಕಿಚ್ಚೂ ಆಯಿತು.

ಈಸ್ಟರ್ ಬೆಳಗಿನ ಆರಾಧನೆಗೆ ಎರಡೂ ಸಭೆಗಳು ಹರಿಹರದ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಸೇರುವುದು ವಾಡಿಕೆ. ಮರಳಿನ ಮೇಲೆ ಮಡಚುವ ಮೇಜು, ಬಿಳಿ ಬಟ್ಟೆ, ಗಾಳಿಗೆ ಹಾರದಿರಲೆಂದು ನಾಲ್ಕು ಕಲ್ಲು. ಅದರ ಮೇಲೆ ರೊಟ್ಟಿ, ಬಟ್ಟಲು. ಸ್ವಲ್ಪ ದೂರದಲ್ಲಿ ಎಲೀಷಪ್ಪನ ಒಲೆ, ಕಾವಲಿ, ಹಿಂದಿನ ದಿನ ಅಯ್ಯನವರ ಮುಖ ನೋಡಿ ತೂಗಿಸಿದ ಬೆಣ್ಣೆಯ ಪಾತ್ರೆ. ಸೂರ್ಯ ಬಂದ, ಹಾಡಿದೆವು, ಪ್ರಾರ್ಥಿಸಿದೆವು. ಆಮೇಲೆ ಅಯ್ಯನವರು ಮೇಜಿನ ಹಿಂದೆ ನಿಂತು ಹೇಳಿದರು.

"ನಾನು ಮಾಡಿದ ನಿಯಮ ನಿಮಗೆ ನೆನಪಿದೆ. ಈ ಲೆಂಟಿನಲ್ಲಿ ಬೆಣ್ಣೆ ಮುಟ್ಟದವರು ಮುಂದೆ ಬನ್ನಿ."

ಯಾರೂ ಅಲ್ಲಾಡಲಿಲ್ಲ. ದಾವಣಗೆರೆಯವರು ಹರಿಹರದವರನ್ನು ನೋಡಿದರು, ಹರಿಹರದವರು ದಾವಣಗೆರೆಯವರನ್ನು ನೋಡಿದರು. ಸುಮಿತ್ರಪ್ಪ ಮೇಷ್ಟ್ರು ನೀರಿನಲ್ಲಿ ಯಾವುದೋ ಮೀನನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದರು. ನನ್ನ ಮೀಸೆಯ ಹೊಳಪನ್ನು ವಿಚಾರಿಸುತ್ತಿದ್ದ ಹೆಂಡತಿಯೂ ಅಲ್ಲಾಡದಿದ್ದುದನ್ನು ನೋಡಿ ನನಗೆ ಆಶ್ಚರ್ಯವಾಯಿತು.

"ನಿನ್ನೆ ಬೆಳಿಗ್ಗೆ ನಾನೂ ತಿಂದೆ. ನಾನೂ ಇಲ್ಲಿ ನಿಲ್ಲುವಂತಿಲ್ಲ," ಎಂದು ಅಯ್ಯನವರು ಮೇಜು ಬಿಟ್ಟು ಬಂದು ನಮ್ಮ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ನಿಂತರು. ಮೇಜಿನ ಹಿಂದೆ ಈಗ ಯಾರೂ ಇರಲಿಲ್ಲ. ಎಲ್ಲರ ಕಣ್ಣೂ ಒಲೆಯ ಹತ್ತಿರ ಇದ್ದ ಎಲೀಷಪ್ಪನ ಕಡೆ ಹೋದವು. ಇಷ್ಟು ವರ್ಷ ಕೊನೆಯ ಬೆಂಚಿನಲ್ಲಿ ಕೂತವನು, ಎರಡು ಸಭೆಗಳಲ್ಲಿ ಯೋಗ್ಯನಾಗಿ ಉಳಿದ ಒಬ್ಬನೇ ಒಬ್ಬ.

ಆತ ಎದ್ದು ಬಂದ. ಬಿಳಿ ಬಟ್ಟೆಯ ಮುಂದೆ ಒಬ್ಬನೇ ನಿಂತ. ರೊಟ್ಟಿಯನ್ನು ನೋಡಿದ, ಹಿಂದೆ ತಿರುಗಿ ನಮ್ಮೆಲ್ಲರನ್ನೂ ನೋಡಿದ. ತಗೋ ಮಾರಾಯ, ತಗೋ ಅಂದುಕೊಂಡೆ. ಆತ ತಿರುಗಿ ಸೀದಾ ಒಲೆಯ ಹತ್ತಿರ ಹೋಗಿ, ಬೆಣ್ಣೆ ಪಾತ್ರೆಯ ಮುಚ್ಚಳ ತೆಗೆದು, ಬೆರಳು ಅದ್ದಿದ.

"ಎಲೀಷಪ್ಪ, ಬ್ಯಾಡೋ!" ಎಂದು ನಾನು ಕೂಗಿದೆ.

ಬೆರಳು ಬಾಯೊಳಗೆ ಹೋಗಿಯಾಗಿತ್ತು. "ಇಷ್ಟು ಮಂದಿ ಹಸ್ಕಂಡು ನಿಂತಿರುವಾಗ ಒಬ್ನೇ ಹೆಂಗ್ರಿ ಉಣ್ಣೋದು?" ಅಂದ. "ಈಗ ನಾನೂ ನಿಮ್ ಸಾಲಿನಾಗೆ." ಅಷ್ಟರಲ್ಲಿ ಅವನ ನಾಲಿಗೆ ತನ್ನ ಕಸುಬು ನೆನಪಿಸಿಕೊಂಡಿತು. ಅವನ ಎಡ ಹುಬ್ಬು ಎದ್ದಿತು, ನನ್ನದು ಏಳುತ್ತಿದ್ದ ಹಾಗೆಯೇ.

"ಅಯ್ಯನೋರೇ," ಅಂದ, "ಇದು ಹುಳಿ ಐತಲ್ರೀ!"

ನನ್ನ ಪಕ್ಕದಿಂದ ಒಂದು ವಿಚಿತ್ರ ಸದ್ದು ಬಂತು. ಜಯಶೀಲ ಅಯ್ಯನವರು ನಗುತ್ತಿದ್ದರು. ಅಭ್ಯಾಸವಿಲ್ಲದ್ದರಿಂದ ಅದು ಬಿಕ್ಕಳಿಕೆಯ ಹಾಗೆ ಬರುತ್ತಿತ್ತು. ಎರಡೂ ಸಭೆಗಳು ಮರಳಿನ ಮೇಲೆ ಬಿದ್ದು ಬಿದ್ದು ನಕ್ಕವು. ಕನ್ನಡಕ ಒರೆಸಿಕೊಂಡು ಅಯ್ಯನವರು ಮತ್ತೆ ಮೇಜಿನ ಹಿಂದೆ ಹೋಗಿ, "ಯೋಗ್ಯರು ಯಾರೂ ಉಳಿಯಲಿಲ್ಲ. ಎಲ್ಲರೂ ಬನ್ನಿ," ಅಂದರು. ನಾನು ಕೇಳಿದ ಪ್ರಸಂಗಗಳಲ್ಲೆಲ್ಲ ಚಿಕ್ಕದು ಮತ್ತು ಒಳ್ಳೆಯದು ಅದೇ.

ಎಲೀಷಪ್ಪ ನನ್ನ ಮುಂದೆ ಇದ್ದ. ರೊಟ್ಟಿಯ ಚೂರು ಅಂಗೈಗೆ ಬಿದ್ದಾಗ ಆ ದೊಡ್ಡ ಆಳು ಮಗುವಿನ ಹಾಗೆ ಅತ್ತ. ಬಟ್ಟಲು ಬಂದಾಗ ತುಟಿಗೆ ಮುಟ್ಟಿಸಿದನೋ ಇಲ್ಲವೋ ಅನ್ನುವಷ್ಟು ಬೇಗ ನನ್ನ ಕೈಗೆ ದಾಟಿಸಿ, "ಎಲ್ಲಾ ಐತ್ರಿ, ನೋಡ್ಕಳ್ರಿ," ಎಂದು ಪಿಸುಗುಟ್ಟಿದ. ನಾನೂ ಅತ್ತೆ, ಮುಚ್ಚಿಡುವುದೇನಿದೆ. ಆಮೇಲೆ ಹುಳಿ ಬೆಣ್ಣೆಯ ದೋಸೆಯನ್ನು ಬಿಸಿಲೇರುವ ತನಕ ತಿಂದೆವು.

ಮುಂದಿನ ವರ್ಷ ಲೆಂಟ್ ಬಂತು. ಪ್ರಸಂಗಪೀಠದಿಂದ ಯಾವ ನಿಯಮವೂ ಬರಲಿಲ್ಲ. ಮೊದಲ ದಿನ ಬೆಳಿಗ್ಗೆ ಹೋಟೆಲಿನ ಹಿಂದಿನ ಬಾಗಿಲ ಕಡೆ ಸುಮ್ಮನೆ ಹೋದೆ. ಎಲೀಷಪ್ಪ ಪಾತ್ರೆಗಳ ಮುಂದೆ ಕೈ ಕಟ್ಟಿ ನಿಂತಿದ್ದ.

"ಯಾಕಪ್ಪ, ನೋಡ್ತಿಲ್ಲ?"

"ಬಿಟ್ಟೀನ್ರಿ, ಈಸ್ಟರ್ ತನಕ."

"ಈ ಸಲ ಯಾರೂ ಬಿಡು ಅಂದಿಲ್ಲಲ್ಲೋ."

"ಹೌದ್ರಿ. ಯಾರೂ ಅನ್ನಲಿಲ್ಲ, ಅದಕ್ಕೇ ಬಿಡೋಣ ಅನ್ನಿಸ್ತು," ಎಂದು ನಕ್ಕು ಹಾಲಮ್ಮನ ಉಂಡೆಯಿಂದ ಚಿಟಿಕೆ ತೆಗೆದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೊಡೆ ಮಡಚಿದ ಸದ್ದಾಯಿತು.

"ಮುಖ ಬೇಕಾಗಬಹುದೇನೋ ಎಂದು ಬಂದೆ," ಅಂದರು ಅಯ್ಯನವರು.

"ನಿಮ್ ಮುಖ ಬ್ಯಾಡ್ರಿ ಅಯ್ಯನೋರೇ," ಅಂದ ಎಲೀಷಪ್ಪ. "ಒಳಗೆ ಬಂದು ಕೂಡ್ರಿ, ದೋಸೆ ತಿನ್ರಿ."

ಅಯ್ಯನವರು ಒಳಗೆ ಹೋಗಿ ಕೂತರು.